ಗುಡುಗಿದರೆ ಪ್ಲಗ್ ಕೀಳುವ ಹುದ್ದೆ

ಗುಡುಗು ಕೇಳಿದರೆ ಮನೆಮಂದಿಯೆಲ್ಲ ಗೋಡೆಯ ಕಡೆಗೆ ಓಡುತ್ತಿದ್ದ ಕಾಲವದು. ಗೋಡೆಯ ಮೇಲಿನ ದೇವರಿಗೆ ಕೈಮುಗಿಯಲಿಕ್ಕಲ್ಲ, ಪ್ಲಗ್ ಕೀಳಲಿಕ್ಕೆ. ಯಲ್ಲಾಪುರದಲ್ಲಿ ಮೇ ತಿಂಗಳೆಂದರೆ ಮೂರು ಗಂಟೆಯವರೆಗೆ ಉರಿಬಿಸಿಲು, ನಾಲ್ಕಕ್ಕೆ ಕಪ್ಪು ಮೋಡ, ಆಮೇಲೆ ಹನಿ ಮಳೆಯೂ ಇಲ್ಲದ ಸಿಡಿಲು. ಅದು ಕಂಬಕ್ಕೆ ಬಡಿದರೆ ತಂತಿ ಹಿಡಿದು ನೇರ ಮನೆಯೊಳಗೇ ಬರುತ್ತಿತ್ತು. ಮೋಡ ಕಂಡದ್ದೇ ನನ್ನಮ್ಮ, ಆಯಿ, ತಾರಸಿಯ ಮೇಲೆ ಒಣಹಾಕಿದ ಹಲಸಿನ ಹಪ್ಪಳ ತರಲು ಓಡುತ್ತಿದ್ದಳು. ಹಾಗಾಗಿ ಪ್ಲಗ್ ಕೀಳುವ ಹುದ್ದೆ ಹತ್ತನೆಯ ವಯಸ್ಸಿಗೇ ನನ್ನ ಪಾಲಿಗೆ ಬಂದಿತ್ತು. ಈ ಕತೆ ನಡೆದದ್ದರ ಹಿಂದಿನ ವರ್ಷ ಗೋಲಿಯಾಟದಲ್ಲಿ ಮೈಮರೆತು ಒಂದು ನಿಮಿಷ ತಡ ಮಾಡಿದ್ದಕ್ಕೆ ಮೋಡೆಮ್ ಕರಕಲಾಗಿ, ನನ್ನ ಆಡಳಿತಕ್ಕೆ ಕಪ್ಪುಚುಕ್ಕೆ ಬಿದ್ದಿತ್ತು. ಇನ್ನೊಮ್ಮೆ ಹಾಗಾಗಕೂಡದೆಂದು ಮನಸ್ಸಿನಲ್ಲೇ ಪ್ರಮಾಣವಚನ ಸ್ವೀಕರಿಸಿದ್ದೆ.

ನಮ್ಮದು ಹೆದ್ದಾರಿಯ ಪಕ್ಕದ ಬಾಡಿಗೆ ಮನೆ. ಕೆಳಗೆ ಬಷೀರ್ ಕಾಕಾರ ಟಯರ್ ಅಂಗಡಿ, ಮೇಲೆ ನಾವು. ಹಗಲಿಡೀ ಲಾರಿಯ ಸದ್ದು, ರಬ್ಬರಿನ ವಾಸನೆ. ಅಪ್ಪಯ್ಯ ವಿಮೆ ಏಜೆಂಟ್. ಹಿಂದಿನ ಕೋಣೆಯೇ ಅವನ ಆಫೀಸು. ಆದರೆ ವೈಫೈ ರೌಟರ್ ಇದ್ದದ್ದು ಜಗಲಿಯಲ್ಲಿ. ನಡುವೆ ಎರಡು ದಪ್ಪ ಚಿರೆಕಲ್ಲಿನ ಗೋಡೆ. ಸಿಗ್ನಲ್ ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು ನಿಂತುಬಿಡುತ್ತಿತ್ತು. ಅಪ್ಪಯ್ಯನೂ ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೇ ಬಂದು, ಒಗ್ಗರಣೆಯ ಘಾಟಿಗೆ ಸೀನುತ್ತ, ಜನರ ಜೀವಕ್ಕೆ ಭದ್ರತೆ ಒದಗಿಸುತ್ತಿದ್ದ.

ಅಕ್ಕ ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅವಳಿಗೆ ಹುಬ್ಬಳ್ಳಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡುವ ಹಟ. ಅಪ್ಪಯ್ಯನಿಗೆ ಅವಳನ್ನು ಊರಲ್ಲೇ ಕಾಮರ್ಸಿಗೆ ಸೇರಿಸುವ ಹಟ. ಅರ್ಜಿಗೆ ಅವನ ಸಹಿ ಬೇಕು, ಆನ್‌ಲೈನಿನಲ್ಲಿ ಕಳಿಸಲು ಶನಿವಾರ ರಾತ್ರಿಯೇ ಕೊನೆ.

"ಅಷ್ಟು ಎಲೆಕ್ಟ್ರಾನಿಕ್ಸ್ ಗೊತ್ತಿದ್ರೆ ನನ್ ಕೋಣಿಗೆ ಸಿಗ್ನಲ್ ತಂದು ತೋರ್ಸು. ಆವಾಗ ಸಹಿ ಹಾಕ್ತೆ" ಎಂದು ಅಪ್ಪಯ್ಯ ನಕ್ಕ.

ಅಕ್ಕ ನಗಲಿಲ್ಲ. ಬಷೀರ್ ಕಾಕಾರ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ರೌಟರ್ ಒಂದನ್ನು ಕೇಳಿ ತಂದಳು. ಅದರ ಕಂಪನಿಯ ಸಾಫ್ಟ್‌ವೇರಿಗೆ ಇನ್ನೊಂದು ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ವಿದ್ಯೆ ಗೊತ್ತಿರಲಿಲ್ಲ. ಅದನ್ನು ಅಳಿಸಿ, ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆಯಾಗಿ ಹಂಚಿದ ಫರ್ಮ್‌ವೇರ್ ತುಂಬಿದರೆ ಕಲಿಯುತ್ತದಂತೆ. ತುಂಬುವಾಗ ಮಾತ್ರ ಕರೆಂಟು ಹೋಗಕೂಡದು. ಹೋದರೆ ಹಳೆಯ ಬುದ್ಧಿಯೂ ಇಲ್ಲ, ಹೊಸ ಬುದ್ಧಿಯೂ ಇಲ್ಲ. ಡಬ್ಬಿ ಬರೀ ಇಟ್ಟಿಗೆ.

ಗುರುವಾರ ಮಧ್ಯಾಹ್ನ ಜಗಲಿಯಲ್ಲಿ ಆ ಶಸ್ತ್ರಚಿಕಿತ್ಸೆ ಶುರುವಾಯಿತು. ಅಪ್ಪಯ್ಯನ ಲ್ಯಾಪ್‌ಟಾಪಿನ ಪರದೆಯ ಮೇಲೆ ನೀಲಿ ಪಟ್ಟಿ ಆಮೆಯಂತೆ ತೆವಳುತ್ತಿತ್ತು. ಅರ್ಧ ದಾಟಿತ್ತಷ್ಟೆ. ಗುಡುಗಿತು.

ತಾರಸಿಯಿಂದ ಆಯಿ ಕೂಗಿದಳು: "ತಮಾ, ಗುಡುಗ್ತಾ ಇದ್ದು! ಪ್ಲಗ್ ತೆಗ್ಯೋ!"

ಅಕ್ಕ ಪ್ಲಗ್ಗಿಗೆ ಬೆನ್ನು ಕೊಟ್ಟು ಕೂತಳು. "ಮುಟ್ಟಡ! ಇನ್ನು ನಾಕೇ ನಿಮಿಷ!"

ನನಗೆ ಕರಕಲಾದ ಮೋಡೆಮ್ ನೆನಪಾಯಿತು. ಪ್ರಮಾಣವಚನ ನೆನಪಾಯಿತು. ಅಕ್ಕನ ಎದುರು ವಾದಿಸಲಿಲ್ಲ. ಗಂಭೀರವಾಗಿ ಎದ್ದು ಬಾಗಿಲಾಚೆ ಹೋಗಿ, ಸ್ಟೂಲು ಹತ್ತಿ, ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಕೆಳಕ್ಕೆ ಎಳೆದೆ.

ಫ್ಯಾನ್ ನಿಂತಿತು. ಡಬ್ಬಿಯ ದೀಪಗಳು ಆರಿದವು. ಆಮೇಲೆ ಒಂದು ಸಿಡಿಲೂ ಬೀಳಲಿಲ್ಲ. ಮೋಡ ಚದುರಿ ಬಿಸಿಲು ಬಂತು. ಆಯಿ ಹಪ್ಪಳವನ್ನು ಮತ್ತೆ ಒಣಹಾಕಿದಳು.

"ಎಂತ ಮಾಡ್ದೆ ನೀನು?" ಮತ್ತೆ ಕರೆಂಟು ಕೊಟ್ಟರೂ ಏಳದ ಡಬ್ಬಿ ಹಿಡಿದು ಅಕ್ಕ ಕೇಳಿದಳು.

"ಗುಡುಗ್ತು ಹೇಳಿ..."

ಅಕ್ಕ ಅಳಲಿಲ್ಲ, ಹೊಡೆಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಸಂಜೆ ನನ್ನ ಪಾಲಿಗೆ ಸುಟ್ಟ ಹಪ್ಪಳಕ್ಕೂ ರುಚಿ ಇರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಕ್ಕ ನನ್ನ ಕಿವಿ ಹಿಡಿದು ಡಬ್ಬಿಯ ಮುಂದೆ ಕೂರಿಸಿದಳು. "ಇದು ಪೂರ್ತಿ ಸತ್ತಿದ್ದಿಲ್ಲೆ. ಪ್ಲಗ್ ಹಾಕಿದ್ ಕೂಡ್ಲೆ ಎರಡು ಸೆಕೆಂಡು ಕಿವಿ ತೆಕ್ಕಂಡಿರ್ತಡ. ಅಷ್ಟ್ರಲ್ಲಿ ಆನು ಇಲ್ಲಿಂದ ಫೈಲ್ ಕಳಸವು. ಒಬ್ರ ಕೈಲಿ ಆಗ್ತಿಲ್ಲೆ. ಪ್ಲಗ್ ಕೀಳದು ಬಪ್ಪಂವಂಗೆ ಹಾಕದೂ ಬಪ್ಪಲೇ ಬೇಕು."

ಶಿಕ್ಷೆ ಶುರುವಾಯಿತು. ಅವಳು "ಒಂದು, ಎರಡು, ಮೂರು" ಎನ್ನುತ್ತಿದ್ದಳು. ನಾನು ಪ್ಲಗ್ ಒತ್ತುತ್ತಿದ್ದೆ, ಅವಳು ಎಂಟರ್ ಒತ್ತುತ್ತಿದ್ದಳು. ಏನೂ ಇಲ್ಲ. ಕೀಳು. ಮತ್ತೆ ಒಂದು, ಎರಡು, ಮೂರು. ಊಟದವರೆಗೆ ಅದೇ, ಊಟದ ಮೇಲೂ ಅದೇ. ಕೆಳಗಿನಿಂದ ಬಷೀರ್ ಕಾಕಾ ಗಂಟೆಗೊಮ್ಮೆ ಮೆಟ್ಟಿಲ ಬುಡದಲ್ಲಿ ನಿಂತು ವಿಚಾರಿಸುತ್ತಿದ್ದರು: "ಏನ್ ಮಗಳೇ, ಡಬ್ಬಿ ಉಸಿರು ಬಿಡ್ತಾ? ಇಲ್ಲಾಂದ್ರೆ ಕೆಳಗ್ ಕೊಡು, ಪಂಚರ್ ಹಾಕ್ತೀನಿ." ಅಕ್ಕ ನಗುತ್ತಿರಲಿಲ್ಲ. ಅಪ್ಪಯ್ಯ ಮೊಬೈಲ್ ಹಿಡಿದು ಹೊಸ್ತಿಲಲ್ಲಿ ಕೂತು ಸೀನುತ್ತಿದ್ದ. ಅರ್ಜಿ ಮೇಜಿನ ಮೇಲೆ, ಪೇಪರ್‌ವೇಯ್ಟಿನ ಅಡಿಯಲ್ಲಿತ್ತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಹೆಬ್ಬೆರಳು ಕೆಂಪಗೆ ಊದಿತ್ತು. ಆದರೆ ಪ್ಲಗ್ಗಿನ ಹತ್ತಿರ ಮೊಣಕಾಲೂರಿ ಕೂತವನಿಗೆ ಒಂದು ಸಂಗತಿ ಕಂಡಿತ್ತು. ಪ್ಲಗ್ ಹಾಕಿದ ತಕ್ಷಣ ಅಲ್ಲ, ಒಂದು ಉಸಿರಿನಷ್ಟು ತಡೆದು, ಡಬ್ಬಿಯ ಹಿಂಬದಿಯ ಪುಟ್ಟ ಹಳದಿ ದೀಪ ಒಮ್ಮೆ ಮಿನುಗುತ್ತಿತ್ತು. ಅಕ್ಕ ಕೂತಲ್ಲಿಗೆ ಅದು ಕಾಣುತ್ತಿರಲಿಲ್ಲ.

"ಎಣಿಸಡ ಅಕ್ಕ. ಆನು 'ಹಾಂ' ಅಂದಾಗ ಒತ್ತು."

ಪ್ಲಗ್ ಹಾಕಿದೆ. ಕಾದೆ. ಹಳದಿ ಮಿನುಗಿತು.

"ಹಾಂ!"

ಪರದೆಯ ಮೇಲೆ ಸಾಲುಗಳು ದಡದಡನೆ ಓಡತೊಡಗಿದವು. "ಹೊಕ್ತು! ಹೊಕ್ತು! ಇನ್ನು ಐದು ನಿಮಿಷ ಉಸ್ರಾಡಡ!" ಎಂದು ಅಕ್ಕ ಕಿರುಚಿದಳು.

ಆಗ ಗುಡುಗಿತು. ಗುರುವಾರದ ಗುಡುಗಲ್ಲ; ಕಿಟಕಿಯ ಸರಳು ನಡುಗಿಸಿದ ಗುಡುಗು.

"ಪ್ಲಗ್!" ತಾರಸಿಯಿಂದ ಆಯಿ.

ಈ ಸಲ ಪ್ಲಗ್ಗಿಗೆ ಬೆನ್ನು ಕೊಟ್ಟು ಕೂತವನು ನಾನು. ಅಷ್ಟರಲ್ಲಿ ಅಪ್ಪಯ್ಯ ಒಳಗಿನಿಂದ ಬಂದ. ನಮ್ಮಿಬ್ಬರನ್ನೂ ನೋಡಿ, ಸೀದಾ ಬಾಗಿಲಾಚೆ ಹೋಗಿ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟ. ಅವನಿಗೆ ಸ್ಟೂಲು ಬೇಕಿರಲಿಲ್ಲ. ಮೋಡೆಮ್ ಸುಟ್ಟಾಗ ಹಾಳಾದ ಅವನ ಒಂದು ವಾರದ ಕೆಲಸ ನನಗೆ ನೆನಪಿತ್ತು. ಅವನಿಗೂ ಇದ್ದಿರಬೇಕು.

"ಇನ್ನೆಷ್ಟು ಹೊತ್ತೇ?"

"ಎರಡು ನಿಮಿಷ, ಅಪ್ಪಯ್ಯ."

ಮತ್ತೆ ಮಿಂಚಿತು. ಅಪ್ಪಯ್ಯ ಕಣ್ಣು ಮುಚ್ಚಿಕೊಂಡ. ಕೈ ಸ್ವಿಚ್ಚಿನ ಮೇಲೆಯೇ ಇತ್ತು, ಎಳೆಯಲಿಲ್ಲ. ಆ ಎರಡು ನಿಮಿಷದಷ್ಟು ಉದ್ದದ ಎರಡು ನಿಮಿಷವನ್ನು ನಾನು ಆಮೇಲೆ ಯಾವತ್ತೂ ಕಂಡಿಲ್ಲ.

ಡಬ್ಬಿಯ ದೀಪಗಳು ಒಂದೊಂದಾಗಿ ಹಸಿರಾದವು. "ಆತು!" ಎಂದಳು ಅಕ್ಕ. ಅದೇ ಕ್ಷಣ ಅಪ್ಪಯ್ಯ ಸ್ವಿಚ್ಚನ್ನು ಎಳೆದ; ತಂದೆಯಾದರೂ ವಿಮೆಯವನು.

ಮೋಡ ಸರಿದ ಮೇಲೆ ಡಬ್ಬಿಯನ್ನು ಅಡುಗೆಮನೆಯ ಬಾಗಿಲಿನ ಮೇಲೆ ತೂಗುಹಾಕಿದೆವು. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಸಿಗ್ನಲ್ ಮೂರು ಗೆರೆ ತೋರಿಸಿತು. ಅಪ್ಪಯ್ಯ ಅರ್ಜಿಗೆ ಸಹಿ ಹಾಕಿ, ಪೆನ್ನಿನ ಟೊಪ್ಪಿ ಮುಚ್ಚಿ, ಅಭ್ಯಾಸಬಲದಿಂದ ಒಮ್ಮೆ ಸೀನಿದ.

ಅಕ್ಕ ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲಿ ಕರೆಂಟಿನ ಹಿಂದೆ ಬ್ಯಾಟರಿ, ಬ್ಯಾಟರಿಯ ಹಿಂದೆ ಜನರೇಟರ್. ನಮ್ಮ ಮನೆಗೂ ಸಿಡಿಲನ್ನು ಒಳಗೆ ತರದ ಗಾಜಿನ ಎಳೆಯ ಕೇಬಲ್ ಬಂದಿದೆ, ಇನ್ವರ್ಟರ್ ಬಂದಿದೆ. ಹೊಸ ರೌಟರ್ ತನಗೆ ಬೇಕಾದಾಗ ತನ್ನ ಬುದ್ಧಿಯನ್ನು ತಾನೇ ಬದಲಿಸಿಕೊಳ್ಳುತ್ತದೆ, ಯಾರ "ಹಾಂ"ಗೂ ಕಾಯುವುದಿಲ್ಲ. ನನ್ನ ಹುದ್ದೆ ಯಾವ ಬೀಳ್ಕೊಡುಗೆ ಸಮಾರಂಭವೂ ಇಲ್ಲದೆ ರದ್ದಾಯಿತು.

ಹೋದ ಮೇ ತಿಂಗಳಲ್ಲಿ ಒಂದು ಸಂಜೆ ಜೋರಾಗಿ ಗುಡುಗಿತು. ನಾನು ತಟ್ಟನೆ ಎದ್ದು ಗೋಡೆಯ ಹತ್ತಿರ ಹೋಗಿ, ಪ್ಲಗ್ಗಿನ ಮೇಲೆ ಕೈಯಿಟ್ಟು ನಿಂತೆ. ಆಯಿ ಮೊಬೈಲಿನಿಂದ ತಲೆಯೆತ್ತಲಿಲ್ಲ. ತೆಗೆ ಎಂದು ಕೂಗುವವರಿಲ್ಲ, ಮುಟ್ಟಡ ಎಂದು ತಡೆಯುವವರೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಕೈ ಹಿಂದಕ್ಕೆ ತೆಗೆದುಕೊಂಡೆ.