ಐದು ತುಂಬದ ಹುಡುಗಿ

ನಮ್ಮ ಕಾಕಾನಿಗೆ ಕಾನೂನು ಗೊತ್ತು. ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಮೈಂದರ್ಗಿಯಲ್ಲಿ ಯಾರಿಗೂ ಇಲ್ಲ. ಹೊಲದ ಬದುವಿನ ಜಗಳಕ್ಕೆ ಅವನು ವರ್ಷಗಟ್ಟಲೆ ಅಕ್ಕಲಕೋಟೆ ಕೋರ್ಟಿಗೆ ಅಲೆದವನು. ಕೇಸು ಸೋತ, ಆದರೆ ವಕೀಲನಾಗಿ ಮನೆಗೆ ಬಂದ.

ನನ್ನ ತಂಗಿ ಬೋರಾಮಣಿ ಊರಿನ ಗಂಡನ ಮನೆ ಬಿಟ್ಟು ಕೂಸನ್ನೆತ್ತಿಕೊಂಡು ಬಂದಾಗ ಕಾಕಾನೇ ಮುಂದೆ ನಿಂತ. ಎರಡೂ ಕಡೆಯ ಹಿರಿಯರನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿ ಕಾಡಿಮೋಡ ಮಾಡಿಸಿದ. ಗಂಡ ಹೆಂಡತಿ ಒಂದು ಕಡ್ಡಿಯ ಎರಡು ತುದಿ ಹಿಡಿದು ಮುರಿದರೆ ಸಂಸಾರ ಹರಿಯಿತು ಎಂದರ್ಥ. ಕಸಬರಿಗೆಯಿಂದ ಕಿತ್ತ ಕಡ್ಡಿ, ಅಂಗಳ ತೊಳೆದು ನೆಂದಿತ್ತು. ಮೊದಲ ಸಲ ಬಾಗಿತೇ ಹೊರತು ಮುರಿಯಲಿಲ್ಲ. ನನಗೊಬ್ಬಳಿಗೆ ನಗು ಬಂತು.

ಚಹಾ ಕುಡಿಯುತ್ತ ಕಾಕಾ ತೀರ್ಪನ್ನೂ ಕೊಟ್ಟ. "ಐದು ತುಂಬೂತನಾ ಕೂಸು ತಾಯಿದು. ಐದು ತುಂಬಿತಂದ್ರ ಅಪ್ಪಂದು. ಕಾಯ್ದೇದಾಗ ಹಂಗ ಐತಿ."

ಗಂಡ ಬಂದು ಮಗಳನ್ನು ಕರೆದೊಯ್ಯುತ್ತಾನೆ ಎಂಬ ಭಯ ತಂಗಿಗೆ ಅಂದೇ ಹತ್ತಿತು. ಅವಳು ಜಗಳವಾಡಲಿಲ್ಲ, ವಕೀಲರನ್ನು ಹುಡುಕಲಿಲ್ಲ. ಮಗಳಿಗೆ ಐದು ತುಂಬದ ಹಾಗೆ ನೋಡಿಕೊಂಡಳು. ಹುಟ್ಟುಹಬ್ಬ ಬಂದ್ ಆಯಿತು. ಓರಗೆಯವರು ಸಾಲೆಗೆ ಹೋದರೂ ಇವಳು ಬಾಲವಾಡಿಯಲ್ಲೇ ಹಾಡು ಹೇಳುತ್ತ ಉಳಿದಳು. ಬಸ್ಸಿನಲ್ಲಿ ತಂಗಿ ತಾನಾಗಿ ಅರ್ಧ ಟಿಕೀಟು ಕೊಂಡು, ವಯಸ್ಸು ಮಾತ್ರ ನಾಲ್ಕು ಎನ್ನುತ್ತಿದ್ದಳು. ನಾಲ್ಕರ ಕೂಸಿಗೆ ಟಿಕೀಟೇ ಬೇಡವಲ್ಲ ಎಂದು ಕಂಡಕ್ಟರ್ ತಲೆ ಕೆರೆದುಕೊಳ್ಳುತ್ತಿದ್ದ. ಹಾಲುಹಲ್ಲು ಬಿದ್ದಾಗ ಜಾರಿ ಬಿದ್ದಳೆಂದು ಊರಿಗೆಲ್ಲ ಹೇಳಿದಳು.

"ಆಕಿ ಲಗ್ನಪತ್ರಿಕೆದಾಗೂ ನಾಲ್ಕು ಅಂತ ಛಾಪಸ್ತಿ ಏನವಾ?" ಎಂದು ನಾನು ಕಾಡಿದೆ. ಅವಳು ಅತ್ತುಬಿಟ್ಟಳು. ನನಗೆ ಕಾಕಾನ ಮೇಲೆ ಕೆಟ್ಟ ಸಿಟ್ಟು ಬಂತು.

ಮರುದಿನವೇ ಅವಳನ್ನು ಸೊಲ್ಲಾಪುರದ ವಕೀಲೆಯೊಬ್ಬರ ಬಳಿ ಎಳೆದುಕೊಂಡು ಹೋದೆ. ಕಾಕಾನೂ ಬಂದ, ವಕೀಲೆಗೆ ತಿಳಿಸಿಕೊಡಲು. ಅವರು ಅವನ ಭಾಷಣ ಪೂರ್ತಿ ಕೇಳಿದರು.

"ಕಾಕಾ, ಬರೇ ಕಡ್ಡಿ ಮುರದ್ರ ಘಟಸ್ಫೋಟ, ವಿಚ್ಛೇದನ, ಆಗಂಗಿಲ್ರಿ. ನಿಮ್ಮ ಸಮಾಜದಾಗ ಆ ರೂಢಿ ಹಿಂದಿಂದ ಐತಿ ಅಂತ ಕೋರ್ಟಿನಾಗ ಸಿದ್ಧ ಮಾಡಬೇಕು. ಇಲ್ಲಂದ್ರ ಇವರಿನ್ನೂ ಗಂಡ-ಹೆಂಡ್ತಿನ. ಐದರೊಳಗಿನ ಕೂಸನ್ನ ಬಹುತೇಕ ತಾಯಿ ಹಂತೇಕ ಇಡತಾರ, ಖರೆ. ಆಮ್ಯಾಲೆ ಅಪ್ಪಂದು ಅಂತ ಎಲ್ಲೂ ಬರದಿಲ್ಲ. ಕೂಸಿಗೆ ಯಾವುದು ಛಲೋ, ಅದನ್ನ ನೋಡತಾರ. ತಾಯಿ ಹತ್ರ ಇದ್ರೂ ಅದರ ಪೋಟಗಿ, ಹೊಟ್ಟಿ-ಬಟ್ಟಿ ಖರ್ಚು, ಅಪ್ಪಗ ತಪ್ಪಂಗಿಲ್ಲ."

"ಇಷ್ಟು ನಂಗೂ ಗೊತ್ತಿತ್ತು," ಎಂದ ಕಾಕಾ.

ಒಪ್ಪಿಗೆಯ ವಿಚ್ಛೇದನದ ಅರ್ಜಿಗಾಗಿ ಮುಂದಿನ ವಾರ ಗಂಡನನ್ನೂ ಅಲ್ಲಿಗೇ ಕರೆಸಿದರು. ಮಗುವಿನ ವಯಸ್ಸೆಷ್ಟು ಎಂದು ವಕೀಲೆ ಕೇಳಿದರು. ತಂಗಿಯ ಬಾಯಿಂದ ಅಭ್ಯಾಸಬಲದಿಂದ ನಾಲ್ಕು ಎಂದೇ ಬಂತು.

"ಆರು ತುಂಬಿ ಏಳರಾಗ ಐತ್ರಿ," ಎಂದ ಆತ, ನೆಲ ನೋಡುತ್ತ.

"ಹಂಗಾದ್ರ ಐದು ತುಂಬಿದಾಗ ಕರ್ಕೊಂಡು ಹೋಗಾಕ ಯಾಕ ಬರಲಿಲ್ಲ? ಕಾಕಾನ ಕಾಯ್ದೆ ನೀವೂ ಕೇಳಿದ್ರಲ್ಲ," ಎಂದರು ವಕೀಲೆ.

"ಬಂದಿದ್ನಿರಿ. ಬಾಗಲತನಾ ಬಂದು ನಿಂತಿದ್ನಿ. ಒಳಗ ಅವ್ವನ ಕೂಡ ನಕ್ಕೋತ ಉಣ್ಣಾಕತ್ತಿತ್ತು ಕೂಸು. ಕರಿಯಾಕ ಬಾಯಿ ಬರಲಿಲ್ಲ. ಹೊಳ್ಳಿ ಹೋದ್ನಿ."

ಮನೆ ಬಿಟ್ಟು ಬಂದ ಮೇಲೆ ತಂಗಿ ಮೊದಲ ಸಲ ಗಂಡನ ಕಡೆ ತಿರುಗಿದಳು.

"ಐತ್ವಾರ ಬರ್ರಿ," ಎಂದಳು. "ಆಕಿ ನಿಮ್ಮ ಮಾರಿ ಮರತಾಳ."