ತಾನೇ ಕೊಯ್ದ ಬೆಂಚುಗಳನ್ನು ಮತ್ತೆ ಕೂಡಿಸುವ ಬಡಗಿ

ಬೆಳಕು ಇನ್ನೂ ಕಿಟಕಿಯ ಮೇಲಿನ ಗಾಜಿಗಷ್ಟೇ ತಲುಪಿದೆ. ಸರ್ಕಾರಿ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ಒಬ್ಬನೇ ಒಬ್ಬ ಮನುಷ್ಯ ಪರೀಕ್ಷೆ ಬರೆಯುತ್ತಿದ್ದಾನೆ. ಎದುರಿಗೆ ಕಾಗದವಿಲ್ಲ. ಕೈಯಲ್ಲಿರುವುದು ಶಾಯಿ ಒಣಗಿದ ಪೆನ್ನು. ಬೆನ್ನು ಬಗ್ಗಿಸಿ ಬರಿಯ ಹಲಗೆಯ ಮೇಲೆ ಸರಸರ ಗೀಚುತ್ತಾನೆ, ಬಲ ಮೊಣಕಾಲು ಕುಣಿಸುತ್ತಾನೆ, ಹಿಂದಕ್ಕೊರಗಿ ಮೈ ಮುರಿಯುತ್ತಾನೆ. ಆಮೇಲೆ ಎದ್ದು ಪಕ್ಕದ ಬೆಂಚಿಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತಾನೆ.

ಇವರು ವಿಶ್ವವಿದ್ಯಾಲಯದ ಬಡಗಿ. ಅಲ್ಲಾಡುವ ಬೆಂಚಿನ ಕಾಲಿಗೆ ಒತ್ತು ಕೊಡಲು ಜೇಬಿನ ತುಂಬ ಮರದ ಚಕ್ಕೆ ಇಟ್ಟುಕೊಂಡೇ ಓಡಾಡುವುದರಿಂದ ಇಡೀ ಆವರಣಕ್ಕೆ ಚಕ್ಕೆಯಣ್ಣ. ಸಂಬಳದ ದಿನ ಬಿಟ್ಟರೆ ಅವರ ನಿಜವಾದ ಹೆಸರು ಯಾರಿಗೂ ಬೇಕಾಗುವುದಿಲ್ಲ.

"ಕೈಯಲ್ಲಿ ಅಲ್ಲಾಡಿಸಿ ನೋಡಿದ್ರೆ ಬೆಂಚು ಸುಳ್ಳು ಹೇಳುತ್ತೆ," ಅನ್ನುತ್ತಾರೆ ಅವರು, ಕೂತಲ್ಲಿಂದಲೇ. "ಮಕ್ಕಳು ಹೆಂಗೆ ಕೂರ್ತಾರೋ ಹಂಗೇ ಕೂತು ನೋಡ್ಬೇಕು. ಉತ್ತರ ಗೊತ್ತಿಲ್ದೆ ಇರೋನು ಕಾಲು ಜಾಸ್ತಿ ಕುಣಿಸ್ತಾನೆ. ನಾನು ಯಾವಾಗ್ಲೂ ಉತ್ತರ ಗೊತ್ತಿಲ್ದೆ ಇರೋನ ಥರಾನೇ ಕೂರೋದು."

ಇನ್ನು ಕೆಲವೇ ಗಂಟೆಗಳಲ್ಲಿ ಇಲ್ಲಿ ಪ್ರವೇಶ ಪರೀಕ್ಷೆ. ಕಳೆದ ವರ್ಷ ಬಂದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅರ್ಜಿಗಳು ಈ ಸಲ ಬಂದಿವೆ. ತರಗತಿಗಳು ಸಾಲದೆ ಸಭಾಂಗಣ ತೆರೆದಿದ್ದಾರೆ. ಖಾಸಗಿ ಕಾಲೇಜುಗಳ ಶುಲ್ಕ ಎಟುಕದಷ್ಟು ಮೇಲೆ ಹೋದ ಮೇಲೆ, ಇತ್ತ ತಿರುಗಿಯೂ ನೋಡದಿದ್ದ ಮನೆಗಳ ಮಕ್ಕಳೂ ಈಗ ಗೇಟಿನ ಮುಂದೆ ನಿಲ್ಲುತ್ತಾರೆ. ಅಷ್ಟು ಮಂದಿಯನ್ನು ಕೂರಿಸುವುದೆಲ್ಲಿ? ಪರೀಕ್ಷಾ ವಿಭಾಗದ ಮೇಲ್ವಿಚಾರಕಿ ಈ ಪ್ರಶ್ನೆಯನ್ನು ಕುಲಪತಿಗಳ ಕೋಣೆಯಲ್ಲಿ ಕೇಳಿದರಂತೆ. ಅಲ್ಲಿ ಉತ್ತರ ಸಿಗದೆ, ಮೆಟ್ಟಿಲಿಳಿದು ಬಡಗಿಯ ಶೆಡ್ಡಿಗೆ ಬಂದು ಕೇಳಿದರು.

ಶೆಡ್ಡಿನಲ್ಲಿ ಉತ್ತರವಿತ್ತು, ಆದರೆ ತುಂಡುತುಂಡಾಗಿ.

ಹತ್ತಾರು ವರ್ಷಗಳ ಹಿಂದೆ ಇಲ್ಲಿನ ಬೆಂಚುಗಳು ಉದ್ದವಾಗಿದ್ದವು. ಆಮೇಲೆ ಊರಿನ ಸುತ್ತ ಗಾಜಿನ ಬಾಗಿಲಿನ ಕಾಲೇಜುಗಳು ಎದ್ದವು, ಇಲ್ಲಿನ ತರಗತಿಗಳು ಬರಿದಾದವು. ಪರಿಶೀಲನೆಗೆ ಬಂದಿದ್ದ ಸಮಿತಿಯೊಂದು ಉದ್ದ ಬೆಂಚಿನಲ್ಲಿ ಇಬ್ಬರೇ ಕೂತರೆ ಕೋಣೆ ಖಾಲಿ ಕಾಣುತ್ತದೆ ಎಂದು ಬರೆದು ಹೋಯಿತು. ಅದರ ಬೆನ್ನಿಗೇ ಆಜ್ಞೆ ಬಂತು: ಎಲ್ಲವನ್ನೂ ನಡುವಿಗೆ ಕತ್ತರಿಸಿ. ಕತ್ತರಿಸಿದವರು ಇದೇ ಚಕ್ಕೆಯಣ್ಣ. ಬೇಕಾದ ಅರ್ಧಗಳಿಗೆ ಹೊಸ ಕಾಲು ಕೊಟ್ಟು ತರಗತಿಗೆ ಕಳಿಸಿದರು, ಬೇಡದ ಅರ್ಧಗಳನ್ನು ಶೆಡ್ಡಿನಲ್ಲಿ ಒಟ್ಟಿ ಹಾಕಿದರು. ಈಗ ಬಂದಿರುವ ಆಜ್ಞೆ, ಕೂಡಿಸಿ ಎಂಬುದು.

"ಮರ ಅಂದ್ರೆ ಉಗುರಾ, ಕತ್ತರಿಸಿದ ಮೇಲೆ ಬೆಳೆಯೋಕೆ?" ಅಂತ ಅವರು ಮೇಲ್ವಿಚಾರಕಿಯನ್ನು ಕೇಳಿದರು.

"ನನ್ನನ್ನ ಕೇಳ್ಬೇಡಿ ಅಣ್ಣ," ಅಂದರಂತೆ ಆಕೆ. "ಕತ್ತರಿಸಿ ಅಂದಾಗ್ಲೂ ನನಗೆ ಅರ್ಥ ಆಗಿರ್ಲಿಲ್ಲ. ಕೂಡಿಸಿ ಅಂದಾಗ್ಲೂ ಆಗ್ತಿಲ್ಲ. ನಾನು ಕಾಗದ ತಂದುಕೊಡೋಳು."

ಅಡಿಯಲ್ಲಿ ಕಬ್ಬಿಣದ ಪಟ್ಟಿ ಬಡಿದು, ಸಂದಿಗೆ ಮರದ ಪುಡಿ ಕಲಸಿದ ಅಂಟು ತುಂಬಿ, ಅರ್ಧಕ್ಕೆ ಅರ್ಧ ಸೇರಿಸುತ್ತ ಬಂದರು. ತಪ್ಪು ಆದದ್ದು ಅಲ್ಲೇ. ಶೆಡ್ಡಿನ ರಾಶಿಯಲ್ಲಿ ಎರಡು ಜಾತಿಯ ಬೆಂಚುಗಳು ಬೆರೆತಿದ್ದವು. ಒಂದು ಸಮನೆಲದ್ದು, ನಾಲ್ಕು ಕಾಲೂ ಸಮ. ಇನ್ನೊಂದು ಹಳೆಯ ಗ್ಯಾಲರಿ ಕೋಣೆಯ ಮೆಟ್ಟಿಲುಗಳಿಗೆಂದು ಮಾಡಿದ್ದು. ಅದರ ಮುಂಗಾಲು ಹಿಂಗಾಲಿಗಿಂತ ಬೆರಳಿನಷ್ಟು ಉದ್ದ. ಆ ಬೆರಳಿನಷ್ಟು ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಸಮನೆಲದ ಅರ್ಧಕ್ಕೆ ಗ್ಯಾಲರಿಯ ಅರ್ಧ ಕೂಡಿದ ಬೆಂಚುಗಳು ಸಾಲಾಗಿ ಸಭಾಂಗಣಕ್ಕೆ ಬಂದು ನಿಂತಿವೆ. ಅವುಗಳ ಮೇಲೆ ಕೂತು ಬರೆದರೆ ಒಂದು ತುದಿ ಮೆಲ್ಲಗೆ ಏಳುತ್ತದೆ, ಇನ್ನೊಂದು ಕೂರುತ್ತದೆ. ಈ ಬೆಳಿಗ್ಗೆ ಮೊಣಕಾಲು ಕುಣಿಸುವ ತನಕ ಚಕ್ಕೆಯಣ್ಣನಿಗೆ ಇದು ಗೊತ್ತಿರಲಿಲ್ಲ.

ಅವರು ಎದ್ದು ಸೊಂಟದ ಮೇಲೆ ಕೈಯಿಟ್ಟು ಸಭಾಂಗಣದ ಉದ್ದಕ್ಕೂ ನೋಡುತ್ತಾರೆ. ಯಾವುದು ಸರಿ, ಯಾವುದು ಬೆರಕೆ, ನಿಂತು ನೋಡಿದರೆ ತಿಳಿಯದು. ಒಂದೊಂದರಲ್ಲೂ ಕೂರಲೇಬೇಕು. ಬೆಂಚುಗಳ ಮೇಲೆ ಅಭ್ಯರ್ಥಿಗಳ ಸಂಖ್ಯೆಯ ಚೀಟಿಗಳನ್ನು ಆಗಲೇ ಅಂಟಿಸಿದ್ದಾರೆ. ಕೊನೆಯ ಸಾಲಿನ ಗೋಡೆ ಬದಿಯ ಬೆಂಚಿನ ಮೇಲಿರುವ ಸಂಖ್ಯೆ ಚಕ್ಕೆಯಣ್ಣನಿಗೆ ಬಾಯಿಪಾಠ. ಅದು ಅವರ ಮಗಳದು.

ಮಗಳ ಕತೆ ಕೇಳಿದರೆ ಅವರ ಮಾತು ಅಡ್ಡಾದಿಡ್ಡಿ ಹೋಗುತ್ತದೆ. ಬೇಸಾಯವಾಗಲಿ ಜಮೀನಾಗಲಿ ಇಲ್ಲದ ಮನೆ, ಇಬ್ಬರ ದುಡಿಮೆ. ಹೆಂಡತಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಮಗಳು ಚೆನ್ನಾಗಿ ಓದುವವಳು. ಅಪ್ಪ ಕೆಲಸ ಮಾಡುವ ಕಡೆಯೇ ಸೇರುತ್ತೇನೆ ಅಂದಿದ್ದಳು. ಬೇಡವೆಂದವರು ಅಪ್ಪ.

"ನಾನು ನೋಡಿದ್ದು ಬೆಂಚು. ಕೂರೋರೇ ಇಲ್ಲ ಅಂತ ನನ್ನ ಕೈಯಾರೆ ಕೊಯ್ದಿದ್ದೆ. ಕೊಯ್ದೋನಿಗೆ ಏನನ್ಸುತ್ತೆ ಹೇಳಿ? ಈ ಜಾಗದ ಕತೆ ಮುಗೀತು ಅನ್ಸುತ್ತೆ. ಮುಗಿಯೋ ಜಾಗಕ್ಕೆ ಮಗಳನ್ನ ಯಾಕೆ ಹಾಕ್ಲಿ ಅಂತ ಗಾಜಿನ ಬಾಗಿಲಿನ ಕಡೆ ಹಾಕ್ದೆ. ಅಲ್ಲಿ ಕುರ್ಚಿ ನೋಡ್ಬೇಕು ನೀವು, ಒಂದೊಂದಕ್ಕೂ ಚಕ್ರ! ಕುರ್ಚಿ ನೋಡಿ ಸೋತುಬಿಟ್ಟೆ."

ಚಕ್ರದ ಕುರ್ಚಿಯಲ್ಲಿ ಮಗಳು ಒಂದು ವರ್ಷ ಕೂತಳು. ಎರಡನೆಯ ವರ್ಷದ ಶುಲ್ಕ ಏರಿತು. ಗ್ರಂಥಾಲಯಕ್ಕೆ ಬೇರೆ, ಪ್ರಯೋಗಾಲಯಕ್ಕೆ ಬೇರೆ, ಹೆಸರೇ ಅರ್ಥವಾಗದ ಇನ್ನೊಂದಕ್ಕೆ ಬೇರೆ. ಕಾಲೇಜು ಬಿಟ್ಟು ಬಂದಳು. ಈಗ ತನಗಿಂತ ಚಿಕ್ಕವರ ಜೊತೆ ಮೊದಲಿನಿಂದ ಅರ್ಜಿ ಹಾಕಿದ್ದಾಳೆ. ಇಲ್ಲಿ ಸಿಗದಿದ್ದರೆ ಓದು ನಿಂತಂತೆಯೇ, ಅದು ಮನೆಯ ಮೂವರಿಗೂ ಗೊತ್ತು. ಹೆಂಡತಿ ಆಗಾಗ ಹೊಲಿಗೆ ಯಂತ್ರಕ್ಕೆ ಹೇಳುವಂತೆ ಹೇಳುತ್ತಾರಂತೆ: "ಪುಣ್ಯಾತ್ಮ, ಬೆಂಚು ನೋಡಿ ಕಾಲೇಜು ಆರಿಸಿದ್ರು. ನನ್ನನ್ನ ಏನು ನೋಡಿ ಆರಿಸಿದ್ರೋ."

ಗೇಟಿನ ಹೊರಗೆ ಗದ್ದಲ ಶುರುವಾಗಿದೆ. ಚಕ್ಕೆಯಣ್ಣ ಮೊದಲ ಸಾಲಿನ ಮೊದಲ ಬೆಂಚಿನಲ್ಲಿ ಕೂರುತ್ತಾರೆ, ಕುಣಿಸುತ್ತಾರೆ, ಚಕ್ಕೆ ಕೆತ್ತಿ ಕಾಲಿನಡಿಗೆ ತೂರಿಸುತ್ತಾರೆ. ಮುಂದಿನದು. ಮತ್ತೆ ಮುಂದಿನದು. ಮೇಲ್ವಿಚಾರಕಿ ಬಂದು ಗಡಿಯಾರ ನೋಡುತ್ತಾರೆ, ಇವರನ್ನು ನೋಡುತ್ತಾರೆ, ಕೊನೆಯ ಸಾಲಿನತ್ತ ನೋಡುತ್ತಾರೆ.

"ಅಣ್ಣ, ಎಲ್ಲಾ ಆಗಲ್ಲ. ಮೊದಲು ಮಗಳ ಬೆಂಚು ನೋಡ್ಕೊಂಡು ಬನ್ನಿ. ಯಾರೂ ಏನೂ ಅನ್ನಲ್ಲ."

"ಬರ್ತೀನಿ ಮೇಡಂ, ಸಾಲು ಹಿಡಿದು ಬರ್ತಿದ್ದೀನಲ್ಲ."

"ಸಾಲು ಮುಗಿಯೋಷ್ಟರಲ್ಲಿ ಪರೀಕ್ಷೇನೂ ಮುಗಿಯುತ್ತೆ!"

ಅವರು ತಲೆಯಾಡಿಸುತ್ತಾರೆ. ಒಪ್ಪಿಗೆಯೋ ಅಲ್ಲವೋ ಹೇಳುವುದು ಕಷ್ಟ. ಒಮ್ಮೆ ಎದ್ದು ಕೊನೆಯ ಸಾಲಿನತ್ತ ನಾಲ್ಕು ಹೆಜ್ಜೆ ಹಾಕಿಯೂ ಹಾಕುತ್ತಾರೆ. ನಡುವಿನಲ್ಲಿ ಒಂದು ಬೆಂಚನ್ನು ದಾಟುವಾಗ ಅದರ ಮೇಲಿನ ಚೀಟಿ ಓದುತ್ತಾರೆ; ಯಾರದೋ ಸಂಖ್ಯೆ. ಅಲ್ಲೇ ಕೂತು ಕಾಲು ಕುಣಿಸುತ್ತಾರೆ. ಅದೂ ಅಲ್ಲಾಡುತ್ತದೆ. ಅದಕ್ಕೆ ಚಕ್ಕೆ ಕೊಟ್ಟು, ಎತ್ತ ಹೊರಟಿದ್ದೆ ಎಂಬುದೇ ಮರೆತವರಂತೆ, ಬಿಟ್ಟ ಸಾಲಿಗೇ ಮರಳುತ್ತಾರೆ. ಗಂಟೆ ಹೊಡೆದು ಬಾಗಿಲು ತೆರೆದಾಗ ಕೊನೆಯ ಎರಡು ಸಾಲು ಹಾಗೇ ಉಳಿದಿವೆ.

ಯಾಕೆ ಹಾಗೆ ಮಾಡಿದಿರಿ?

ಆಚೆ ಮರದ ನೆರಳಿನಲ್ಲಿ ಕೂತ ಚಕ್ಕೆಯಣ್ಣ ಜೇಬಿನಲ್ಲಿ ಉಳಿದ ಚಕ್ಕೆಗಳನ್ನು ತೆಗೆದು ಎಣಿಸುತ್ತಾರೆ. "ಗೊತ್ತಿಲ್ಲ ಸ್ವಾಮಿ. ನ್ಯಾಯ ಗೀಯ ಅಂತ ಬರೀಬೇಡಿ. ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು. ಅವಳದ್ದು ಮಾಡಿದ್ರೆ ತಪ್ಪೂ ಆಗ್ತಿರ್ಲಿಲ್ಲ. ಹೋಗ್ಬೇಕು ಅಂತಾನೇ ಎದ್ದೆ. ಕಾಲು ಹೋಗ್ಲಿಲ್ಲ." ಚಕ್ಕೆಗಳನ್ನು ಮತ್ತೆ ಜೇಬಿಗೆ ತುಂಬುತ್ತ ಕೇಳುತ್ತಾರೆ: "ಇದನ್ನ ಅವಳಮ್ಮನಿಗೆ ಹೇಳೋದು ಹೆಂಗೆ ಅಂತ ಹೇಳಿ, ನೀವು ಓದಿದೋರು."

ಹೇಳುವ ಅಗತ್ಯ ಬೀಳಲಿಲ್ಲ. ಪರೀಕ್ಷೆ ಮುಗಿಸಿ ಹೊರಬಂದ ಮಗಳೇ ಗೇಟಿನ ಬಳಿ ಅಪ್ಪನ ಜೊತೆ ಕಾದಿದ್ದ ತಾಯಿಯ ಮುಂದೆ ಎಲ್ಲ ಒಪ್ಪಿಸುತ್ತಾಳೆ, ನಗುತ್ತಲೇ.

"ಅಪ್ಪ, ಎಂಥಾ ಬೆಂಚು ಅದು, ದೋಣಿ! ಆ ತುದಿಯ ಹುಡುಗ ಉತ್ತರ ಬರೆದ್ರೆ ನಾನು ಮೇಲೆ ಹೋಗ್ತಿದ್ದೆ."

"ಆಮೇಲೆ?" ಅಮ್ಮನ ದನಿ ಗಟ್ಟಿ.

"ಆಮೇಲೇನು, ಒಂದು ಚಪ್ಪಲಿ ತೆಗೆದು ಬೆಂಚಿನ ಕಾಲಿನಡಿ ಇಟ್ಟೆ. ಸರಿಹೋಯ್ತು. ಮೇಷ್ಟ್ರು ಬಂದು, ಏನಮ್ಮಾ ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದ್ದೀಯಾ ಅಂತ ಕೇಳಿದ್ರು."

"ಎಷ್ಟು ಹೊತ್ತು ಹೋಯ್ತು ಅದಕ್ಕೆ?"

ಮಗಳು ಉತ್ತರಿಸುವ ಮೊದಲು ಅಪ್ಪನ ಮುಖ ನೋಡುತ್ತಾಳೆ. "ಒಂದೆರಡು ನಿಮಿಷ ಅಮ್ಮ." ಕೊನೆಯ ಪ್ರಶ್ನೆ ಪೂರ್ತಿ ಬರೆಯಲಾಗಲಿಲ್ಲ ಎಂಬುದನ್ನು ಅವಳು ಅಪ್ಪನಿಗೆ ಹೇಳುವುದು ಮೂರು ದಿನದ ಮೇಲೆ.

ಫಲಿತಾಂಶ ಬಂದಿದೆ. ಮೊದಲ ಸುತ್ತಿನಲ್ಲಿ ಕರೆ ಬಂದವರಲ್ಲಿ ಅವಳಿಲ್ಲ. ಕಾಯುವವರ ಸಾಲಿನಲ್ಲಿದ್ದಾಳೆ, ಮುಂದೆ ಕೆಲವರು, ಹಿಂದೆ ಬಹಳ ಮಂದಿ. ಅರ್ಜಿಗಳ ಒತ್ತಡಕ್ಕೆ ವಿಶ್ವವಿದ್ಯಾಲಯ ಇನ್ನೊಂದು ತರಗತಿ ತೆರೆಯಬಹುದು ಎಂಬ ಮಾತಿದೆ. ತೆರೆದರೆ ಅವಳಿಗೆ ಸಿಗಬಹುದು. ಇನ್ನೂ ಆಜ್ಞೆಯಾಗಿಲ್ಲ, ಆದರೆ ಬೆಂಚು ತಯಾರಿಟ್ಟುಕೊಳ್ಳಿ ಎಂಬ ಕಾಗದ ಮಾತ್ರ ಆಗಲೇ ಶೆಡ್ಡಿಗೆ ಬಂದಿದೆ. ತಂದುಕೊಟ್ಟವರು ಅದೇ ಮೇಲ್ವಿಚಾರಕಿ.

"ಬೆಂಚು ಬೇಗ ಆದ್ರೆ ತರಗತಿ ಬೇಗ ತೆರೀತಾರಾ ಮೇಡಂ?"

"ಅದಕ್ಕೂ ಇದಕ್ಕೂ ಸಂಬಂಧ ಇದ್ಯೋ ಇಲ್ವೋ, ನನಗೆ ತಿಳೀದು ಅಣ್ಣ."

ಸಂಬಂಧವಿದೆಯೋ ಇಲ್ಲವೋ, ಚಕ್ಕೆಯಣ್ಣ ಈಗ ಬೆಳಕಾಗುವ ಮೊದಲೇ ಶೆಡ್ಡಿಗೆ ಬರುತ್ತಾರೆ. ಒಬ್ಬರೇ ಅಲ್ಲ. ಹಲಗೆಯ ಇನ್ನೊಂದು ತುದಿ ಹಿಡಿಯಲು ಮಗಳೂ ಬರುತ್ತಾಳೆ. ಕೂಡಿಸುವ ಮೊದಲು ಪ್ರತಿ ಅರ್ಧವನ್ನೂ ನೆಲದ ಮೇಲೆ ನಿಲ್ಲಿಸಿ ಕಾಲು ಅಳೆಯುವವಳು ಅವಳೇ. ತಪ್ಪಿದರೆ ಅಪ್ಪನನ್ನು ರೇಗಿಸುತ್ತಾಳೆ: "ಇದು ಗ್ಯಾಲರಿ ಕಡೆ ನೆಂಟ ಅಪ್ಪ, ಈ ಮನೆಗೆ ಕೊಡ್ಬೇಡ." ಸಭಾಂಗಣದಲ್ಲಿ ಆ ಬೆಳಿಗ್ಗೆ ತನ್ನ ಬೆಂಚು ಯಾಕೆ ಉಳಿಯಿತೆಂದು ಅವಳು ಕೇಳಿಲ್ಲ.

ಅವಳು ಅಂಟಿನ ಡಬ್ಬ ತರಲು ಆಚೆ ಹೋದಾಗ, ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಚಕ್ಕೆಯಣ್ಣ ಗರಗಸ ಕೆಳಗಿಟ್ಟು ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಅವಳಿಗೆ ಕರೆ ಬಂದ್ರೆ ಸಾಕು, ಇನ್ನೇನೂ ಬೇಡ. ಬರ್ದೆ ಹೋದ್ರೆ... ಆ ನಡುವಿನ ಬೆಂಚು ಇತ್ತಲ್ಲ, ಅವಳ ಸಾಲಿಗೆ ಹೋಗ್ತಾ ಹೋಗ್ತಾ ಕೂತು ಸರಿ ಮಾಡಿದ್ನಲ್ಲ, ಅದರಲ್ಲಿ ಕೂತು ಬರೆದೋರು ಯಾರು ಅಂತ ಒಂದ್ಸಲ ನೋಡ್ಬೇಕು ಅಂತಿದೆ. ಬೈಯೋಕಲ್ಲ. ಸುಮ್ನೆ ನೋಡೋಕೆ."