ಬ್ರೆಡ್ಡಕ್ಕನ ನಿದ್ದೆಗಾಗಿ ವೈಫೈ ಬಂದದ್ದು

ಬೇರೆಯವರ ಮನೆಗೆ ವೈಫೈ ಬರುವುದು ಸಿನಿಮಾ ನೋಡಲಿಕ್ಕೆ, ಇಲ್ಲವೇ ಮಕ್ಕಳ ಓದಿಗೆ. ಬ್ರೆಡ್ಡಕ್ಕನ ಮನೆಗೆ ಬಂದದ್ದು ಅವಳು ಮಲಗಲಿಕ್ಕೆ.

ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಒಲೆಯ ಮುಂದೆ ನಿಂತು ಅರ್ಧ ಊರಿನ ಬೆಳಗಿನ ಹೊಟ್ಟೆಗೆ ಬ್ರೆಡ್ಡು ಸಿದ್ಧಮಾಡುವ ಹೆಂಗಸು ಅವಳು. ಊರು ಎದ್ದ ಮೇಲೆ ಮಲಗಬೇಕು. ಮಲಗಬೇಕು ಎಂಬುದು ನಿಯಮ. ಮಲಗಿದಳು ಎಂಬುದಕ್ಕೆ ಸಾಕ್ಷಿಯಿಲ್ಲ. ಕುಂಭಕರ್ಣನನ್ನು ಎಬ್ಬಿಸಲು ನಗಾರಿ ಸಮೇತ ಒಂದು ಸೈನ್ಯವೇ ಹೋಗಬೇಕಾಯಿತಂತೆ. ಬ್ರೆಡ್ಡಕ್ಕನ ಮನೆಯಲ್ಲಿ ಆ ಸೈನ್ಯ ಖಾಯಂ ಬಿಡಾರ ಹೂಡಿತ್ತು. ಸೇನಾಪತಿ ಅತ್ತೆ. ಕಿವಿ ಮಂದವಾದ್ದರಿಂದ ಧಾರಾವಾಹಿಯ ಸೊಸೆ ಪಿಸುಗುಟ್ಟಿದರೂ ಪಕ್ಕದ ಬೀದಿಯ ನಾಯಿ ಬೊಗಳಬೇಕು, ಟೀವಿಗೆ ಅಷ್ಟು ಸದ್ದು. ಉಪಸೇನಾಪತಿ ಮೈದುನ, ಬಾಡಿಗೆ ಮನೆ ತೋರಿಸುವ ದಲ್ಲಾಳಿ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದ ಕಾರಣ ಕಿಟಕಿಯಿಂದ ಕಿಟಕಿಗೆ ಹಾರುತ್ತ, "ಹಲೋ! ಕೇಳ್ತಾ ಇದೆಯಾ? ಹಲೋ!" ಎಂದು ಗಂಟಲು ಹರಿದುಕೊಳ್ಳುವುದೇ ಅವನ ಕಸುಬು. ಮಲಗುವ ಕೋಣೆಯ ಬಾಗಿಲು ಹಾಕಿಕೊಳ್ಳೋಣವೆಂದರೆ ಬಚ್ಚಲಿಗೆ ದಾರಿ ಅದರೊಳಗಿಂದಲೇ. ಅತ್ತೆಗೆ ಗಳಿಗೆಗೊಮ್ಮೆ ಆ ದಾರಿ ಬೇಕು.

ಹೀಗಿರಲು ಒಂದು ಪಾಳಿಯಲ್ಲಿ ಬ್ರೆಡ್ಡಕ್ಕ ನಿಂತಲ್ಲೇ ತೂಕಡಿಸಿದಳು. ಒಂದು ಟ್ರೇ ಬ್ರೆಡ್ಡು ಇದ್ದಿಲಾಯಿತು.

"ಇನ್ನೊಂದು ಸಲ ಹೀಗಾದ್ರೆ ಮನೇಲೇ ಮಲ್ಕೊಳಮ್ಮ, ಇಲ್ಲಿಗೆ ಬರೋದೇ ಬೇಡ," ಎಂದ ಸೂಪರ್‌ವೈಸರ್.

ಮನೆಯಲ್ಲಿ ಮಲಗಲು ಆಗುವಂತಿದ್ದರೆ ಇಲ್ಲೇಕೆ ತೂಕಡಿಸುತ್ತಿದ್ದೆ ಮಹಾರಾಯ, ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಲಿಕ್ಕೂ ತ್ರಾಣ ಬೇಕಲ್ಲ.

ಪರಿಹಾರ ಸೂಚಿಸಿದವಳು ಹಿಟ್ಟು ನಾದುವ ಗೆಳತಿ. "ವೈಫೈ ಹಾಕ್ಸು. ನಮ್ಮನೇಲಿ ಹಾಕಿಸಿದ್ಮೇಲೆ ಎಲ್ಲರ ಕೈಗೂ ಫೋನು, ಕಿವಿಗೂ ವೈರು. ಸೂಜಿ ಬಿದ್ರೂ ಕೇಳುತ್ತೆ ಕಣೇ."

ಸೂಜಿ ಬೀಳುವ ಸದ್ದು! ಬ್ರೆಡ್ಡಕ್ಕನ ಕಣ್ಣು ತುಂಬಿ ಬಂತು. ಮನೆಯವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅತ್ತೆಗೆ ತಪ್ಪಿಹೋದ ಕಂತುಗಳೆಲ್ಲ ಸಿಗುತ್ತವೆ, ಮೈದುನನಿಗೆ ಮಾತು ಕತ್ತರಿಸಿಹೋಗುವುದಿಲ್ಲ. ಪೇಂಟ್ ಅಂಗಡಿಯಿಂದ ಮಧ್ಯಾಹ್ನದ ಊಟಕ್ಕೆ ಬರುವ ಗಂಡನಂತೂ, "ನಿನಗೋಸ್ಕರ ತಾನೆ? ಹಾಕ್ಸೋಣ," ಎಂದು ತ್ಯಾಗಿಯ ಮುಖ ಮಾಡಿಕೊಂಡ.

ಕನೆಕ್ಷನ್ ಕೊಡುವವನು ಬಂದಾಗ ಅವಳಿಗೆ ಆಗಷ್ಟೇ ಕಣ್ಣು ಹತ್ತಿತ್ತು. ನರೆಗೂದಲಿನ ಆಸಾಮಿ, ಹೆಗಲಿಗೆ ವೈರಿನ ಸುರುಳಿ.

"ವೈಫೈ ಡಬ್ಬಿ ಎಲ್ಲಿಡ್ಲಿ ಅಕ್ಕ?"

"ಹಾಲಲ್ಲಿಡಿ ಅಣ್ಣ. ದಂಡೆಲ್ಲ ಅಲ್ಲೇ ಇರೋದು."

"ಕಂಬ ಇರೋದು ಹಿಂದ್ಗಡೆ. ಹಾಲಿಗೆ ತರ್ಬೇಕಂದ್ರೆ ಗೋಡೆಗೆ ತೂತು ಹಾಕ್ಬೇಕು."

'ತೂತು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೆಳಗಿನ ಮನೆಯಿಂದ ಮಾಲೀಕರು ಮೆಟ್ಟಿಲು ಹತ್ತಿ ಪ್ರತ್ಯಕ್ಷರಾದರು. "ಗೋಡೆಗೆ ತೂತಾ? ಕ್ಯಾಲೆಂಡರ್ ಮೊಳೆಗೇ ನಾನು ಒಪ್ಪಿಲ್ಲ!"

ನೆಲದ ಮೇಲೆ ವೈರು ಎಳೆದರೆ ಅತ್ತೆ ಎಡವುತ್ತಾರೆ. ಕೊನೆಗೆ ವೈರು ಮಲಗುವ ಕೋಣೆಯ ಕಿಟಕಿಯಿಂದ ನುಸುಳಿತು. ಡಬ್ಬಿ ಬ್ರೆಡ್ಡಕ್ಕನ ದಿಂಬಿನ ಮೇಲ್ಗಡೆ ನೆಲೆಗೊಂಡಿತು.

"ಸದ್ಯಕ್ಕೆ ಇಲ್ಲಿರ್ಲಿ. ಓನರ್ ಹತ್ರ ನಾನು ನಿಧಾನಕ್ಕೆ ಮಾತಾಡ್ತೀನಿ. ಪಾಸ್‌ವರ್ಡ್ ಏನಿಡ್ಲಿ?"

"ನಿದ್ದೆ ಅಂತಿಡಿ."

"ಚಿಕ್ಕದಾಯ್ತಕ್ಕ. ಉದ್ದ ಬೇಕು."

"ಹಾಗಾದ್ರೆ ಎರಡು ಸಲ ಹಾಕಿ. ನನಗೂ ಅಷ್ಟೇ ಬೇಕಾಗಿರೋದು."

ಆದರೆ ಆ ಮನೆಯದು ಹಳೇ ಕಾಲದ ಕಲ್ಲುಗೋಡೆ. ಅದಕ್ಕೊರಗಿ ಕಬ್ಬಿಣದ ಬೀರು ಬೇರೆ. ಸಿಗ್ನಲ್ ಹೊಸ್ತಿಲವರೆಗೆ ಬಂದು ಹೊಸ ಸೊಸೆಯ ಹಾಗೆ ನಿಂತುಬಿಟ್ಟಿತು. ಹಾಲಿಗೆ ಕಾಲಿಡಲೇ ಇಲ್ಲ.

ಮರುದಿನ ಬೆಳಿಗ್ಗೆ ಬ್ರೆಡ್ಡಕ್ಕ ಕಣ್ಣುರಿ, ಕಾಲುನೋವು ಎರಡನ್ನೂ ಹೊತ್ತು ಹಾಸಿಗೆಗೆ ಬಿದ್ದಳು. ಅತ್ತೆ ಬೆಕ್ಕಿನ ಹೆಜ್ಜೆಯಲ್ಲಿ ಬಂದರು.

"ನೀನು ಮಲಗಮ್ಮ. ನಾನಿಲ್ಲಿ ಮೂಲೇಲಿ ಕೂತಿರ್ತೀನಿ. ಇದ್ದೀನಿ ಅಂತಲೂ ಗೊತ್ತಾಗಲ್ಲ."

ಅತ್ತೆ ಕಿವಿಗೆ ವೈರು ಸಿಕ್ಕಿಸಿಕೊಂಡರು. ಮೌನ. ಆಹಾ! ಬ್ರೆಡ್ಡಕ್ಕನ ರೆಪ್ಪೆ ಇಳಿಯಿತು.

"ಅಯ್ಯೋ, ಕುಡೀಬೇಡ್ವೇ! ಹಾಲಲ್ಲಿ ವಿಷ ಇದೆ!"

ಬ್ರೆಡ್ಡಕ್ಕ ದಡಬಡಿಸಿ ಎದ್ದು ಕುಳಿತಳು. ವಿಷ ಧಾರಾವಾಹಿಯ ಹಾಲಿನಲ್ಲಿತ್ತು. ಕಿವಿ ಮುಚ್ಚಿಕೊಂಡ ಅತ್ತೆಗೆ ತಮ್ಮ ಕೂಗು ತಮಗೇ ಕೇಳಿಸುತ್ತಿರಲಿಲ್ಲ.

ಅಷ್ಟರಲ್ಲಿ ಮೈದುನ ಬಂದು ಮಂಚದ ಅಂಚಿಗೆ ಕುಳಿತ. "ಸ್ವಲ್ಪ ಸರೀರಿ ಅತ್ತಿಗೆ, ಇಲ್ಲಿ ಫುಲ್ ಸಿಗ್ನಲ್." ಈಗ ಎದುರಿನವರ ಮಾತು ಗಂಟೆ ಬಾರಿಸಿದಷ್ಟು ಸ್ಪಷ್ಟ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಹಲೋ! ಕೇಳ್ತಾ ಇದೆಯಾ?"

"ಕೇಳ್ತಾ ಇದೆ ಕಣಪ್ಪ," ಎಂದಳು ಬ್ರೆಡ್ಡಕ್ಕ ದಿಂಬಿನೊಳಗಿಂದ.

ಮಧ್ಯಾಹ್ನ ಗಂಡ ತಟ್ಟೆ ಸಮೇತ ಬಂದು ಅವಳ ಕಾಲ ಬಳಿ ಜಾಗ ಮಾಡಿಕೊಂಡ, ಫೋನಿನಲ್ಲಿ ಕ್ರಿಕೆಟ್ ಹಚ್ಚಿ ಕಿವಿಗೆ ವೈರು ಇಟ್ಟ. "ನೀನು ಮಲ್ಕೋ, ನಾನೇನು ಮಾತಾಡ್ಸಲ್ಲ," ಎಂದವನು ಮೊದಲ ಬೌಂಡರಿಗೇ ಅವಳ ಮೊಣಕಾಲಿಗೆ ಫಟ್ಟನೆ ಬಡಿದ.

ಬ್ರೆಡ್ಡಕ್ಕ ಮಂಚದ ಮೇಲಿನ ಸಂತೆಯನ್ನು ನೋಡಿದಳು. ಜಗಳ ಆಡಬಹುದಿತ್ತು. ರಾತ್ರಿಗೆ ಪಾಳಿಯಿತ್ತು, ಮುಂದೆ ಒಲೆಯಿತ್ತು, ಇನ್ನೊಂದು ಟ್ರೇ ಕರಕಾದರೆ ಅನ್ನದ ದಾರಿ ಮುಚ್ಚುತ್ತಿತ್ತು. ಜಗಳಕ್ಕೆ ಉಳಿದದ್ದು ಎರಡು ಮಾತಿನ ಶಕ್ತಿ. ಅದನ್ನೂ ಖರ್ಚು ಮಾಡದೆ ದಿಂಬು ಕಂಕುಳಲ್ಲಿಟ್ಟುಕೊಂಡು, ಸೋತ ರಾಜ ಕೋಟೆ ಬಿಟ್ಟುಕೊಟ್ಟಂತೆ ಹಾಲಿಗೆ ನಡೆದಳು. ನಡೆಯುವಾಗ ಹಿಂದಿನಿಂದ ಬಾಗಿಲು ಎಳೆದುಕೊಂಡಳು. ಬಚ್ಚಲಿಗೆ ಹೋಗುವವರೆಲ್ಲ ಈಗ ಬಾಗಿಲ ಒಳಗಡೆಯೇ ಇದ್ದರಲ್ಲ! ಬೇಡ ಎನ್ನುವವರು ಯಾರು?

ಹಾಲಿನಲ್ಲಿ ಟೀವಿ ಕಪ್ಪಗೆ ಕುಳಿತಿತ್ತು. ಕಿಟಕಿಗಳು ಹಲೋ ಇಲ್ಲದೆ ಬಿಕೋ ಎನ್ನುತ್ತಿದ್ದವು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ಅವಳಿಗೆ ಗೊತ್ತಾಯಿತು. ಸಿಗ್ನಲ್ಲನ್ನೇ ಬಿಡದ ಗೋಡೆ ಮೈದುನನ ಕೂಗನ್ನು ಬಿಟ್ಟೀತೇ? ಚಾಪೆಯ ಮೇಲೆ ಉರುಳಿದವಳು ಸಂಜೆಯವರೆಗೆ ಸತ್ತಂತೆ ಮಲಗಿದಳು. ಆ ರಾತ್ರಿ ಒಂದು ಬ್ರೆಡ್ಡೂ ಕರಕಾಗಲಿಲ್ಲ.

ವಾರ ಕಳೆದ ಮೇಲೊಂದು ಬೆಳಿಗ್ಗೆ ಹಾಲಿನ ಬಾಗಿಲು ಬಡಿದ ಸದ್ದಾಯಿತು. ಬ್ರೆಡ್ಡಕ್ಕ ಚಾಪೆಯಿಂದೆದ್ದು ತೆರೆದಳು. ಕನೆಕ್ಷನ್ನಿನವನು ಕೊರೆಯುವ ಯಂತ್ರ ಹಿಡಿದು ಹಲ್ಲುಕಿರಿಯುತ್ತಿದ್ದ.

"ಓನರ್ ಒಪ್ಪಿದ್ರು ಅಕ್ಕ! ಅವರ ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಬೇಡ್ಕೊಂಡೆ. ಡಬ್ಬಿ ಹಾಲಿಗೆ ಹಾಕ್ಬಿಡ್ತೀನಿ, ನಿಮ್ಮ ಕೋಣೆ ಖಾಲಿ ಆಗುತ್ತೆ."

ಬ್ರೆಡ್ಡಕ್ಕ ತಿರುಗಿ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದಳು. ಒಳಗೆ ಯಾರಿಗೂ ಏನೂ ಕೇಳಿಸಿರಲಿಲ್ಲ.

"ಅಣ್ಣ," ಎಂದಳು ಪಿಸುದನಿಯಲ್ಲಿ, "ನಿಮ್ಮ ಕಾಲು ನಾನು ಹಿಡೀತೀನಿ. ಡಬ್ಬಿ ಮಾತ್ರ ಮುಟ್ಟಬೇಡಿ."